ಡೆಕ್ಸಾ ಯಂತ್ರ ಬದಲಾದರೆ ಹಳೆಯ ರಿಪೋರ್ಟಿಗೆ ಹೋಲಿಸಬೇಡಿ

ಮಾನ್ಯ ಸಂಪಾದಕರೇ,

ಮೂಳೆ ಸವೆತದ ಚಿಕಿತ್ಸೆಯಲ್ಲಿರುವವರು ಎರಡು ವರ್ಷದ ಹಿಂದಿನ ಡೆಕ್ಸಾ (ಮೂಳೆಯ ಖನಿಜ ಸಾಂದ್ರತೆ ಅಳೆಯುವ ಎಕ್ಸ್-ರೇ ಸ್ಕ್ಯಾನ್) ರಿಪೋರ್ಟನ್ನು ಈಗಿನದರ ಪಕ್ಕ ಇಟ್ಟು ನೋಡುವುದು ಸಹಜ. ಆದರೆ ಅಂಕಿಗಿಂತ ಮೊದಲು ನೋಡಬೇಕಾದದ್ದು ಯಂತ್ರದ ಹೆಸರನ್ನು.

ಹೊಲೋಜಿಕ್ ಮತ್ತು ಲೂನಾರ್ ಬೇರೆ ಬೇರೆ ತಯಾರಿಕೆಯ ಡೆಕ್ಸಾ ಯಂತ್ರಗಳು. ಹೊಲೋಜಿಕ್ ಯಂತ್ರ ವೋಲ್ಟೇಜನ್ನು ಮೇಲೆ ಕೆಳಗೆ ಮಾಡುತ್ತಾ ಎರಡು ಶಕ್ತಿಯ ಎಕ್ಸ್-ರೇ ಹಾಯಿಸುತ್ತದೆ. ಲೂನಾರ್ ಒಂದೇ ವೋಲ್ಟೇಜಿನ ಕಿರಣವನ್ನು ಫಿಲ್ಟರಿನಿಂದ ಸೋಸಿ ಎರಡು ಶಕ್ತಿ ಪಡೆಯುತ್ತದೆ. ಮೂಳೆಯ ಅಂಚು ಗುರುತಿಸುವ ಸಾಫ್ಟ್‌ವೇರ್ ಬೇರೆ, ಕ್ಯಾಲಿಬ್ರೇಷನ್ನೂ (ಅಳತೆಯನ್ನು ಸರಿಹೊಂದಿಸುವ ರೀತಿ) ಬೇರೆ. ಹೀಗಾಗಿ ಒಂದೇ ದಿನ ಒಬ್ಬರದೇ ಸೊಂಟದ ಕಶೇರುಗಳನ್ನು (ಬೆನ್ನೆಲುಬಿನ ಮಣಿಗಳನ್ನು) ಅಳೆದರೂ ಲೂನಾರ್ ಸುಮಾರು ಶೇ 13ರಷ್ಟು ಹೆಚ್ಚು ತೋರಿಸುತ್ತದೆ.

ಹೊಲೋಜಿಕ್‌ನಲ್ಲಿ ಚದರ ಸೆಂ.ಮೀ.ಗೆ 0.850 ಗ್ರಾಂ ಇದ್ದವರಿಗೆ ಎರಡು ವರ್ಷದ ನಂತರ ಲೂನಾರ್‌ನಲ್ಲಿ 0.930 ಬಂತು ಎನ್ನಿ. ಮೂಳೆ ಶೇ 9ರಷ್ಟು ಗಟ್ಟಿಯಾದಂತೆ ಕಾಣುತ್ತದೆ. 1994ರ ಪರಿವರ್ತನಾ ಸೂತ್ರದಂತೆ ಹೊಲೋಜಿಕ್ ಅಂಕಿಯನ್ನು 1.0755ರಿಂದ, ಲೂನಾರ್ ಅಂಕಿಯನ್ನು 0.9522ರಿಂದ ಗುಣಿಸಿದರೆ ಸಿಗುವುದು 0.914 ಮತ್ತು 0.886. ಅಂದರೆ ಹೆಚ್ಚಾಗಿಲ್ಲ, ಶೇ 3ರಷ್ಟು ಇಳಿದಿದೆ! ಆ ಇಳಿಕೆಯನ್ನೂ ನಂಬುವಂತಿಲ್ಲ. ಸೂತ್ರ ಇರುವುದು ದೊಡ್ಡ ಗುಂಪಿನ ಸರಾಸರಿಗೆ, ಒಬ್ಬ ರೋಗಿಯ ಏರಿಳಿತಕ್ಕಲ್ಲ. ಒಂದೇ ಯಂತ್ರದಲ್ಲಿ ಅಳೆದಾಗಲೂ ತಂತ್ರಜ್ಞರ ಅಳತೆ ದೋಷವನ್ನು (ಒಬ್ಬರನ್ನೇ ಮತ್ತೆ ಅಳೆದಾಗ ಬರುವ ವ್ಯತ್ಯಾಸ) 2.77ರಿಂದ ಗುಣಿಸಿದಾಗ ಬರುವ ಮಿತಿಯನ್ನು ದಾಟಿದರೆ ಮಾತ್ರ ಅದು ನಿಜವಾದ ಬದಲಾವಣೆ. ದೋಷ ಶೇ 1.9 ಇದ್ದರೆ ಮಿತಿ ಶೇ 5.3.

ಬೇರೆ ಕಂಪನಿಯ ಯಂತ್ರ ತರಿಸುವ ಆಸ್ಪತ್ರೆಗಳು ಹಳೆಯದನ್ನು ಅವಸರದಲ್ಲಿ ಕಳಚಬಾರದು. 30 ರೋಗಿಗಳನ್ನು ಹಳೆಯದರಲ್ಲಿ ಒಮ್ಮೆ, ಹೊಸದರಲ್ಲಿ ಎರಡು ಬಾರಿ, 60 ದಿನದೊಳಗೆ ಸ್ಕ್ಯಾನ್ ಮಾಡಿ ಎರಡರ ನಂಟನ್ನು ಲೆಕ್ಕ ಹಾಕಬೇಕು. ಹಾಗೆ ಮಾಡದಿದ್ದರೆ ಹೊಸ ಅಳತೆಯನ್ನೇ ಮೊದಲ ಅಳತೆ ಎಂದು ರಿಪೋರ್ಟಿನಲ್ಲಿ ಬರೆಯಬೇಕು. ಶೇಕಡಾವಾರು ಬದಲಾವಣೆ ಅಚ್ಚಾಗಲೇಬಾರದು. ಅದನ್ನು ನಂಬಿ ಮಾತ್ರೆ ನಿಲ್ಲಿಸಿದವರ ಸೊಂಟ ಮುರಿದರೆ ಹೊಣೆ ಯಾರು?

ಟಿ-ಸ್ಕೋರ್ (ಆರೋಗ್ಯವಂತ ಯುವಜನರ ಸರಾಸರಿಗಿಂತ ಮೂಳೆಯ ಸಾಂದ್ರತೆ ಎಷ್ಟು ಹೆಚ್ಚು ಅಥವಾ ಕಡಿಮೆ ಎಂದು ಹೇಳುವ ಅಂಕಿ) ನೋಡಿದರೆ ಸಾಕು ಎನ್ನುವವರಿದ್ದಾರೆ. ಅದೂ ಆಯಾ ಯಂತ್ರವು ಹೋಲಿಕೆಗೆ ಬಳಸುವ ಯುವಜನರ ದತ್ತಾಂಶದ ಮೇಲೆ ನಿಂತಿದೆ; ದತ್ತಾಂಶ ಬದಲಾದರೆ ಸ್ಕೋರೂ ಬದಲಾಗುತ್ತದೆ. ಉಚಿತ ಶಿಬಿರಗಳಲ್ಲಿ ಹಿಮ್ಮಡಿಗೆ ಹಿಡಿಯುವ ಅಲ್ಟ್ರಾಸೌಂಡ್ ಅಂಕಿಯನ್ನಂತೂ ಡೆಕ್ಸಾ ಜೊತೆ ಹೋಲಿಸಲೇಬಾರದು.

ಯಂತ್ರ ಒಂದೇ ಆಗಿದ್ದರೂ ಎಚ್ಚರ ಬೇಕು. ಬೆಳ್ಳಿಯ ಉಡಿದಾರ, ಲಂಗದ ಸೇಫ್ಟಿ ಪಿನ್ನು, ಬೆಳಿಗ್ಗೆ ನುಂಗಿ ಇನ್ನೂ ಕರಗದ ಕ್ಯಾಲ್ಸಿಯಂ ಮಾತ್ರೆ ಇವೆಲ್ಲ ಕಶೇರುವಿನ ನೆರಳಿಗೆ ಸೇರಿ ಸಾಂದ್ರತೆಯನ್ನು ಹೆಚ್ಚಿಸಿ ತೋರಿಸುತ್ತವೆ. ಕಳೆದ ಬಾರಿ ಸೊಂಟದ ಮೊದಲ ಕಶೇರು ಎಲ್1ರಿಂದ ನಾಲ್ಕನೆಯದಾದ ಎಲ್4, ಈ ಬಾರಿ ಎಲ್2ರಿಂದ ಎಲ್4 ಅಳೆದಿದ್ದರೆ ಅದೂ ಹೋಲಿಕೆಯಲ್ಲ. ಸ್ಕ್ಯಾನ್ ಕೇಂದ್ರಗಳು ಯಂತ್ರದ ಕಂಪನಿ, ಮಾದರಿ, ಅಳೆದ ಕಶೇರುಗಳು ಮತ್ತು ತಮ್ಮ ದೋಷಮಿತಿಯನ್ನು ಪ್ರತಿ ರಿಪೋರ್ಟಿನಲ್ಲೂ ಮುದ್ರಿಸಲಿ. ರೋಗಿಗಳು ಸ್ಕ್ಯಾನ್ ಚಿತ್ರವಿರುವ ಹಾಳೆಯನ್ನೂ ಕೇಳಿ ಪಡೆದು, ಮುಂದಿನ ಬಾರಿ ಅದೇ ಯಂತ್ರಕ್ಕೇ ಹೋಗಲಿ.

– ರೇಡಿಯಾಲಜಿ ತಂತ್ರಜ್ಞರು, ಮೈಸೂರು