ಮಗಳಿಗೊಂದು ಪತ್ರ: ಅಜ್ಜಿಯ ದನಿ ಮತ್ತು ಒಂದು ಸಣ್ಣ ಸ್ಕ್ರೂ

ಪುಟ್ಟಿ,

ನಿನ್ನೆ ಫೋನಿನಲ್ಲಿ ಸರಿಯಾಗಿ ಮಾತಾಡೋಕೆ ಆಗಲಿಲ್ಲ. ಪಕ್ಕದಲ್ಲೇ ನಿಮ್ಮಮ್ಮ ಇದ್ದಳು. 'ದುಡ್ಡು ಕೊಟ್ಟು ಗುಜರಿ ಟೇಪ್ ರೆಕಾರ್ಡರ್ ತಂದಿದ್ದಾಳಂತೆ, ಅಪ್ಪನ ಚಟ ಎಲ್ಲಿಗೆ ಹೋಗುತ್ತೆ' ಅಂತ ಶುರು ಮಾಡಿದ್ದಳು. ಅದಕ್ಕೇ ಕೂತು ಬರೀತಾ ಇದ್ದೇನೆ.

ಮೊದಲು ನಿನ್ನ ತೊಂದರೆ. ಮಷಿನ್ನು ಟೇಪು ತಿಂದುಬಿಡ್ತು ಅಂದೆಯಲ್ಲ, ಅದಕ್ಕೆ ಅಳಬೇಡ, ಎಳೀಲೂ ಬೇಡ. ಎಳೆದರೆ ರೀಲು ಉದ್ದಕ್ಕೆ ಹಿಗ್ಗಿ ಆ ಜಾಗದಲ್ಲಿ ಹಾಡು ಶಾಶ್ವತವಾಗಿ ಅಲ್ಲಾಡುತ್ತೆ. ನಿಧಾನಕ್ಕೆ ಬಿಡಿಸಿ, ಆರು ಮೂಲೆಯ ಪೆನ್ಸಿಲ್ಲನ್ನು ಕ್ಯಾಸೆಟ್ಟಿನ ತೂತಿಗೆ ಹಾಕಿ ಸುತ್ತು. ಆಮೇಲೆ ಬಾಗಿಲು ತೆಗೆದು ನೋಡು, ಒಳಗೆ ಒಂದು ಕಪ್ಪು ರಬ್ಬರ್ ರೋಲರ್ ಇರುತ್ತೆ. ಅದು ಜಿಡ್ಡಾದರೆ ಟೇಪು ಅದಕ್ಕೇ ಅಂಟಿ ಸುತ್ತಿಕೊಳ್ಳುತ್ತೆ. ಹತ್ತಿಗೆ ಸ್ವಲ್ಪ ಸ್ಪಿರಿಟ್ ಹಾಕಿ ಒರೆಸು, ಟೇಪಿಗೆ ತಾಗಿ ಹಾಡು ಓದೋ ಹೆಡ್ಡನ್ನೂ ಒರೆಸು, ಹತ್ತಿ ಕಂದು ಬಣ್ಣಕ್ಕೆ ತಿರುಗೋದು ನಿಲ್ಲೋ ತನಕ. ಮತ್ತೆ ಆ 90 ನಿಮಿಷದ ಕ್ಯಾಸೆಟ್ಟುಗಳನ್ನು ಸದ್ಯಕ್ಕೆ ಹಾಕಬೇಡ. 60ರದಕ್ಕಿಂತ ಅದರ ರೀಲು ತೆಳು, ಮೊದಲು ಸಿಕ್ಕಿಕೊಳ್ಳೋದೇ ಅದು.

ನಮ್ಮ ಮನೆಯ ಟೇಪ್ ರೆಕಾರ್ಡರ್ ನೆನಪಿದೆ ಅಲ್ವಾ? ಅದೂ ಸೆಕೆಂಡ್ ಹ್ಯಾಂಡೇ. ದುಬೈನಿಂದ ವಾಪಸ್ ಬಂದವರೊಬ್ಬರ ಕೈಯಿಂದ ನಮ್ಮೂರಿನ ತೀನ್ ಕಂದಿಲ್ ಹತ್ತಿರ ಕೊಂಡಿದ್ದು. ಬಾಗಿಲು ನಿಲ್ಲಲ್ಲ, ರಬ್ಬರ್ ಬ್ಯಾಂಡ್ ಬೇಕು. ನಿಲ್ಲಿಸಿದರೆ ಹಾಡಲ್ಲ, ಮಲಗಿಸಿದರೆ ಮಾತ್ರ ಹಾಡುತ್ತೆ. ನಮ್ಮ ರಾಯಚೂರಿನ ಮೇ ತಿಂಗಳು ನಿನಗೆ ಗೊತ್ತು, 42 ಡಿಗ್ರಿ ದಾಟಿತು ಅಂದ್ರೆ ಒಳಗಿನ ಬೆಲ್ಟ್ ಸಡಿಲಾಗಿ ಹಾಡಿನ ಮಧ್ಯೆ ಹಾಡೇ ಆಕಳಿಸುತ್ತೆ. ಒದ್ದೆ ಬಟ್ಟೆ ಕಟ್ಟಿದ ಕಿಟಕಿ ಪಕ್ಕ ಅದನ್ನಿಟ್ಟು 'ನಮಗಿಂತ ಇದಕ್ಕೇ ಆರೈಕೆ ಜಾಸ್ತಿ' ಅಂತ ಬೈಸಿಕೊಂಡಿದ್ದೇನೆ.

ರೇಡಿಯೋದಿಂದ ಸಿದ್ಧರಾಮ ಜಂಬಲದಿನ್ನಿಯವರ ವಚನ ಗಾಯನ ಹಿಡಿದ ಕ್ಯಾಸೆಟ್ ಒಂದಿದೆ. ಅರ್ಧಕ್ಕೇ ರೀಲು ಮುಗಿದು ಕಟಕ್ ಅಂತ ನಿಂತಿದೆ. ಇವತ್ತಿಗೂ ಸ್ನಾನ ಮಾಡುವಾಗ ಆ ವಚನ ಅಲ್ಲಿವರೆಗೆ ಹಾಡಿ ಅಲ್ಲೇ ನಿಲ್ಲಿಸ್ತೇನೆ ನಾನು. ಮುಂದಿನ ಸಾಲು ಪುಸ್ತಕದಲ್ಲಿ ಓದಿದ್ದೇನೆ, ಬಾಯಿಗೆ ಮಾತ್ರ ಬರಲ್ಲ.

ಈಗ ನೀನು ಕೇಳಿದ ಇನ್ನೊಂದು ವಿಷಯ, ನಿನ್ನ ಮಷಿನ್ನಿನ ಸ್ಪೀಡು. ಸರಿ ಮಾಡಿಸ್ತೀನಿ ಅಂದೆ. ಸ್ವಲ್ಪ ತಡಿ.

ಹೋದ ವರ್ಷ ಬೆಲ್ಟ್ ಕರಗಿ ಡಾಂಬರಿನ ಹಾಗೆ ಆಗಿತ್ತು. ಸ್ಟೇಷನ್ ರೋಡಿನ ಕಡೆ ಒಬ್ಬ ಮೆಕ್ಯಾನಿಕ್ ಹತ್ತಿರ ಒಯ್ದೆ. ಒಳ್ಳೆಯ ಕೈ ಅವನದು. ಹೊಸ ಬೆಲ್ಟ್ ಹಾಕಿದ, ಜೊತೆಗೆ ನಾನು ಕೇಳದೇ ಸ್ಪೀಡೂ ಸರಿ ಮಾಡಿದ. ಕ್ಯಾಸೆಟ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು, 1963ರಲ್ಲಿ ಫಿಲಿಪ್ಸ್ ಕಂಪನಿ ಕ್ಯಾಸೆಟ್ ತಂದಾಗಿನಿಂದ ಲೆಕ್ಕ ಅದೇ. ನಮ್ಮದು ಮೊದಲಿನಿಂದಲೂ ನಿಧಾನ ಓಡ್ತಿತ್ತಂತೆ. ಮನೆಗೆ ತಂದು ಭೀಮಸೇನ ಜೋಶಿಯವರ ದಾಸರ ಪದ ಹಾಕಿದೆ. ಒಂದು ಕ್ಷಣ ಬೇರೆ ಯಾರೋ ಅನಿಸಿತು. ಇಷ್ಟು ವರ್ಷ ಅವರನ್ನು ಅವರಿಗಿಂತ ತಗ್ಗಿನ ದನಿಯಲ್ಲಿ ಕೇಳಿದ್ದೆವು ನಾವು! ನಗು ಬಂತು.

ಆಮೇಲೆ ಅಜ್ಜಿಯ ಕ್ಯಾಸೆಟ್ ಹಾಕಿದೆ. ನಗು ನಿಂತಿತು.

ಮಾನ್ವಿಯಿಂದ ಬಂದವಳು, ಜಗನ್ನಾಥದಾಸರ ಪದ ಬಿಟ್ಟು ಬೇರೆ ಹಾಡದವಳು, ಅಂಥ ದಪ್ಪ ದನಿಯ ನಮ್ಮವ್ವ ಹತ್ತು ವರ್ಷದ ಹುಡುಗಿಯ ಹಾಗೆ ಗಡಿಬಿಡಿಯಲ್ಲಿ ಕೀಚಲು ದನಿಯಲ್ಲಿ ಹಾಡಿದಳು. ಟೇಪು ಹಾಳಾಯ್ತು ಅಂತ ಎದೆ ಧಸಕ್ ಅಂತು. ಮೆಕ್ಯಾನಿಕ್ಕಿಗೆ ಫೋನ್ ಮಾಡಿದರೆ ಅವನು ತಣ್ಣಗೆ ಹೇಳಿದ: 'ಸರ್, ನಿಧಾನ ಓಡೋ ಮಷಿನ್ನಿನಲ್ಲಿ ಹಿಡಿದಿದ್ದೀರಿ, ಸರಿಯಾಗಿ ಓಡೋದರಲ್ಲಿ ಹಾಕಿದರೆ ಹಾಗೇ ಆಗೋದು.'

ಮೋಟಾರಿನ ಹಿಂದೆ ಒಂದು ಸಣ್ಣ ತೂತು ಇದೆ, ಒಳಗೆ ಸ್ಪೀಡು ಏರಿಸಿ ಇಳಿಸೋ ಒಂದು ಸ್ಕ್ರೂ. ತಿರುಗಿಸುತ್ತಾ ಕೂತೆ. ನಿಮ್ಮ ಅತ್ತೆಯನ್ನೂ ಕರೆಸಿದೆ. ಅವಳು 'ಇನ್ನೂ ಇಳಿಸು' ಅಂದಳು, ನಿಮ್ಮಮ್ಮ 'ಅತ್ತೆ ದನಿ ಇಷ್ಟು ಗಡಸು ಇರಲಿಲ್ಲ' ಅಂದಳು, ಇಬ್ಬರೂ ಬೇರೆ ಬೇರೆ ಅಜ್ಜಿಯನ್ನು ನೆನಪಿಟ್ಟುಕೊಂಡಿದ್ದಾರೆ ಅಂತ ನನಗೆ ಅವತ್ತು ಗೊತ್ತಾಯಿತು. ಜಗಳ ಒಂದೇ ಬಾಕಿ ಇತ್ತು, ಅಷ್ಟರಲ್ಲಿ ಟೇಪಿನೊಳಗೆ ಗಡಿಯಾರ ಏಳು ಹೊಡೆಯಿತು. ಪಡಸಾಲೆಯ ಅದೇ ಗೋಡೆ ಗಡಿಯಾರ, ಈಗಲೂ ಅಲ್ಲೇ ಇದೆ! ಮುಳ್ಳು ತಿರುಗಿಸಿ ಅದರ ಗಂಟೆ ಹೊಡೆಸಿದೆ, ಟೇಪಿನ ಗಂಟೆ ಕೇಳಿದೆ, ಸ್ಕ್ರೂ ಇಷ್ಟೇ ಇಷ್ಟು ತಿರುಗಿಸಿದೆ. ಹತ್ತು ಹನ್ನೆರಡು ಸಲ. ಎರಡೂ ಠಣ್ ಒಂದೇ ಆದ ಮೇಲೆ ರಿವೈಂಡ್ ಮಾಡಿ ಪದ ಹಾಕಿದರೆ ಯಾರೂ ಮಾತಾಡಲಿಲ್ಲ.

ಒಂದು ವಿಚಿತ್ರ ಗಮನಿಸು. ಪದ ಶುರುವಾಗೋ ಸ್ವಲ್ಪ ಮುಂಚೆ, ಖಾಲಿ ಸದ್ದಿನಲ್ಲಿ, ಅದೇ ಪದ ಎಲ್ಲೋ ದೂರದಿಂದ ಬಂದ ಹಾಗೆ ತೀರಾ ಸಣ್ಣಗೆ ಕೇಳುತ್ತೆ. ದೆವ್ವ ಅಲ್ಲ. ಸುತ್ತಿಟ್ಟ ರೀಲಿನಲ್ಲಿ ಒಂದು ಸುತ್ತಿನ ಕಾಂತಶಕ್ತಿ ಪಕ್ಕದ ಸುತ್ತಿಗೂ ಅಂಟುತ್ತೆ, ಬಿಸಿಲೂರಿನಲ್ಲಿ ಇನ್ನೂ ಜಾಸ್ತಿ. ಇದನ್ನು ಹೋಗಲಾಡಿಸೋಕೆ ನನಗೆ ಮನಸ್ಸಿಲ್ಲ.

ಆ ಕ್ಯಾಸೆಟ್ಟಿನ ಒಂದು ಪ್ರತಿ ಪಾರ್ಸೆಲ್ ಮಾಡಿದ್ದೇನೆ. ಮನೆಯ ಮಷಿನ್ನಿನಲ್ಲೇ ಹಾಕಿ, ಗೆಳೆಯನ ಡೆಕ್ಕಿನಲ್ಲಿ ಹಿಡಿದದ್ದು. ಆ ಡೆಕ್ ಎಷ್ಟು ಸ್ಪೀಡಿನಲ್ಲಿ ಓಡುತ್ತೋ ನನಗೆ ನಂಬಿಕೆ ಇಲ್ಲ. ಅದಕ್ಕೇ ನಮ್ಮ ಗಡಿಯಾರದ ಗಂಟೆಯನ್ನು ಮೊಬೈಲಿನಲ್ಲಿ ಹಿಡಿದು ವಾಟ್ಸಾಪ್ ಮಾಡಿದ್ದೇನೆ. ಮೊದಲು ಅಂಗಡಿಯ ಯಾವುದಾದರೂ ಕ್ಯಾಸೆಟ್ ಹಾಕಿ ಸ್ಪೀಡು ಸರಿ ಮಾಡಿಕೋ, ಸ್ಕ್ರೂ ಎಲ್ಲಿದೆಯೋ ಅಲ್ಲಿ ಉಗುರು ಬಣ್ಣದಲ್ಲಿ ಒಂದು ಚುಕ್ಕೆ ಇಡು. ಆಮೇಲೆ ಅಜ್ಜಿಯ ಕ್ಯಾಸೆಟ್ ಹಾಕಿ ಗಂಟೆಗೆ ಗಂಟೆ ಹೊಂದಿಸು, ಅಲ್ಲಿ ಇನ್ನೊಂದು ಚುಕ್ಕೆ. ಸ್ಕ್ರೂವನ್ನು ಬೆರಳಿನಷ್ಟು ತಿರುಗಿಸಬೇಡ, ಕೂದಲೆಳೆಯಷ್ಟು ಸಾಕು. ನಿನ್ನ ಕೈ ಅವಸರದ್ದು.

ಏಳನೇ ಗಂಟೆ ಆದ ಮೇಲೆ ಹಿಂದಿನಿಂದ ಒಬ್ಬ ಹುಡುಗ 'ಅವ್ವಾ, ಹಸಿವು' ಅಂತಾನೆ. ಅದು ನಿಮ್ಮ ಚಿಕ್ಕಪ್ಪ. ನಾನಲ್ಲ.

ಅಪ್ಪ