ನಿಧನ ವಾರ್ತೆಯಲ್ಲಿ ಎರಡು ಸಾಲು ಜಾಸ್ತಿ ಹಾಕಿ

ಮಾನ್ಯ ಸಂಪಾದಕರೇ, ನಮಸ್ಕಾರ.

ಪತ್ರಿಕೆ ಬಂದ ಕೂಡಲೇ ನಮ್ಮಪ್ಪ ಮೊದಲು ತೆಗೆಯುವುದು ನಿಧನ ವಾರ್ತೆ ಇರುವ ಪುಟ. ಕಳೆದ ವಾರ ಓದುತ್ತಾ ಓದುತ್ತಾ ತಲೆ ಎತ್ತಿ ಕೇಳಿದರು, "ಇದರಲ್ಲಿ ನನ್ನನ್ನು ಏನಂತ ಹಾಕ್ತಾರೆ? ನಿವೃತ್ತ ರೈಟರ್ ಅಂತಾನಾ?" ಅವರು ಸುಮ್ನೆ ಕೇಳಿದ್ದು. ನನಗೆ ಮಾತ್ರ ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಕಾಫಿ ತೋಟದಲ್ಲಿ ರೈಟ್ರು ಅಂದರೆ ಹಾಜರಿ ಹಾಕುವವರು, ಆಳುಗಳಿಗೆ ಕೆಲಸ ಹಂಚುವವರು, ಚೆಕ್‌ರೋಲ್ ಅಂದರೆ ಹಾಜರಿ-ಕೂಲಿಯ ಪುಸ್ತಕ ಬರೆಯುವವರು, ಕೊಯ್ಲಿನಲ್ಲಿ ಸಂಜೆ ಹಣ್ಣಿನ ತೂಕ ನೋಡುವವರು. ಕೊಪ್ಪ ಕಡೆಯ ಒಂದು ತೋಟದಲ್ಲಿ ಅಪ್ಪ 34 ವರ್ಷ ಇದನ್ನೇ ಮಾಡಿದರು. ಊರಲ್ಲಿ ಅವರಿಗೆ ಬೇರೆ ಹೆಸರೇ ಇರಲಿಲ್ಲ. ಅಮ್ಮ ರೈಟ್ರ ಹೆಂಡತಿ, ನಾನು ರೈಟ್ರ ಮಗಳು. ಅಂಗಡಿಯ ಸಾಲದ ಪುಸ್ತಕದಲ್ಲೂ 'ರೈಟ್ರು' ಅಂತಲೇ ಇರುತ್ತಿತ್ತು.

ಮನೆಯೂ ತೋಟದ್ದೇ ಆಗಿತ್ತು. ಕೆಲಸ ಮುಗಿದ ತಿಂಗಳೊಳಗೆ ಖಾಲಿ ಮಾಡಿ ಅಪ್ಪ ಅಮ್ಮ ಚಿಕ್ಕಮಗಳೂರಿನ ನನ್ನ ಬಾಡಿಗೆ ಮನೆಗೆ ಬಂದರು. ಮೊದಲ ವರ್ಷ ಅಪ್ಪನನ್ನು ನೋಡಿದರೆ ಸಂಕಟ ಆಗುತ್ತಿತ್ತು. ಬೆಳಗ್ಗೆ ಆರೂವರೆಗೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ, ಜೇಬಿಗೆ ಎರಡು ಪೆನ್ನು ಸಿಕ್ಕಿಸಿಕೊಂಡು ಗೇಟಿನ ಹತ್ತಿರ ನಿಲ್ಲುತ್ತಿದ್ದರು. ಬರುವವರು ಯಾರೂ ಇಲ್ಲ. ಮಾರ್ಚ್ ಬಂತೆಂದರೆ ಕಾಫಿ ಹೂ ಅರಳಿಸುವ ಹೂಮಳೆಯ ಚಿಂತೆ, ಹೂಮಳೆ ಬಿದ್ದರೆ ಅದರ ಬೆನ್ನಿಗೆ ಬರಬೇಕಾದ ಬ್ಯಾಕಿಂಗ್ ಮಳೆಯ ಚಿಂತೆ, ಅದು ಸಕಾಲಕ್ಕೆ ಬರದಿದ್ದರೆ ಕಾಯಿ ಕಟ್ಟುವುದಿಲ್ಲ ಅಂತ ನಡುರಾತ್ರಿ ಎದ್ದು ಕಿಟಕಿ ಪಕ್ಕ ಕೂತು, ಎಷ್ಟು ಸೆಂಟ್ (ಇಂಚಿನ ನೂರರಲ್ಲಿ ಒಂದು ಭಾಗ) ಮಳೆ ಬಿದ್ದಿರಬಹುದು ಅಂತ ಅಂದಾಜು ಹಾಕುತ್ತಿದ್ದರು. ಅವರ ಹೆಸರಲ್ಲಿ ಒಂದು ಕಾಫಿ ಗಿಡವೂ ಇಲ್ಲ.

ಅಪ್ಪ ಹರೆಯದಲ್ಲಿ ತಾಳಮದ್ದಳೆಯಲ್ಲಿ, ಅಂದರೆ ವೇಷ ಕಟ್ಟದೆ ಕೂತು ನಡೆಸುವ ಯಕ್ಷಗಾನದಲ್ಲಿ, ಅರ್ಥ ಹೇಳುತ್ತಿದ್ದರಂತೆ, ಅಂದರೆ ಪಾತ್ರದ ಮಾತು ಆಡುತ್ತಿದ್ದರಂತೆ. ಕರ್ಣನ ಪಾತ್ರಕ್ಕೆ ಅವರೇ ಬೇಕು ಅಂತ ಪಕ್ಕದ ಊರಿನಿಂದ ಕರೆಯಲು ಬರುತ್ತಿದ್ದರಂತೆ. ಇದನ್ನು ನನಗೆ ಹೇಳಿದ್ದು ಚಿಕ್ಕಪ್ಪ, ಅದೂ ನನಗೆ ನಲವತ್ತಾದ ಮೇಲೆ! ಯಾಕೆ ಬಿಟ್ಟರು ಅಂದರೆ, ತಾಳಮದ್ದಳೆ ಕೂಟ ಮುಗಿಯುವುದು ಬೆಳಗಿನ ಜಾವ, ಏಳಕ್ಕೆಲ್ಲ ತೋಟದಲ್ಲಿ ಹಾಜರಿ. ಒಮ್ಮೆ ತಡವಾಗಿ ಹೋಗಿ ಆಳುಗಳೆದುರೇ ಮಾತು ಕೇಳಬೇಕಾಯಿತು. ಅವತ್ತಿಗೆ ಬಿಟ್ಟವರು ಮತ್ತೆ ಅದರ ಸುದ್ದಿಯನ್ನೇ ಎತ್ತಲಿಲ್ಲ.

ನಾನೂ ಅದೇ ದಾರಿಯಲ್ಲಿದ್ದೆ. ಖಾಸಗಿ ಕಚೇರಿಯೊಂದರಲ್ಲಿ ಲೆಕ್ಕ ನೋಡುವ ಕೆಲಸ ನನ್ನದು. ಹೋದ ವರ್ಷ ಮಾರ್ಚ್ ಕೊನೆಯಲ್ಲಿ ಒಂದು ಮೊತ್ತ ತಪ್ಪಾಗಿ ಹಾಕಿದ್ದೆ. ರಾತ್ರಿ ಹತ್ತೂಕಾಲಿಗೆ ಮ್ಯಾನೇಜರ್ ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ, ಹದಿನೆಂಟು ಜನರ ಮುಂದೆ, ಅದನ್ನು ಎತ್ತಿ ಬರೆದರು. ಮಗಳಿಗೆ ಅನ್ನ ಬಡಿಸುತ್ತಿದ್ದೆ. ಸೌಟು ಕೈಯಲ್ಲೇ ಇತ್ತು, ಅವಳು "ಅಮ್ಮಾ ಸಾಕು" ಅನ್ನುತ್ತಿದ್ದರೂ ಸಾರು ಹಾಕುತ್ತಲೇ ಇದ್ದೆ. ಏನಾಯ್ತು ಅಂತ ಕೇಳಿದಳು. "ನಾನು ಯಾವುದಕ್ಕೂ ಲಾಯಕ್ಕಿಲ್ಲ ಕಣೇ" ಅಂದುಬಿಟ್ಟೆ. ಆ ತಪ್ಪು ಮರುದಿನ ಹತ್ತು ನಿಮಿಷದಲ್ಲಿ ಸರಿಹೋಯಿತು. ಮಗಳ ಕಿವಿಗೆ ಹಾಕಿದ ಮಾತು ಹಾಗೆಯೇ ಉಳಿಯಿತು. ಲೆಕ್ಕ ತಪ್ಪಿದ್ದಕ್ಕೆ ಇಡೀ ನಾನೇ ತಪ್ಪು ಅಂತ ಅಂದುಕೊಂಡಿದ್ದೆನಲ್ಲ, ಅದು ನನ್ನನ್ನು ತುಂಬಾ ಹೆದರಿಸಿತು.

ಇದು ಬರೀ ಮನಸ್ಸಿನ ಮಾತಲ್ಲ. ವಾರಕ್ಕೆ 55 ಗಂಟೆ ಮತ್ತು ಅದಕ್ಕಿಂತ ಜಾಸ್ತಿ ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ 35ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲೇ ಹೇಳಿವೆ. ಫ್ರಾನ್ಸಿನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಿಂದ, ಕೆಲಸದ ವೇಳೆ ಮುಗಿದ ಮೇಲೆ ಆಫೀಸಿನ ಫೋನು, ಮೆಸೇಜಿನಿಂದ ದೂರ ಇರುವ ಹಕ್ಕಿಗೆ ಕಾನೂನಿನ ಬೆಂಬಲ ಇದೆ. ನಮ್ಮ ಲೋಕಸಭೆಯಲ್ಲಿ ಸಂಸದೆ ಸುಪ್ರಿಯಾ ಸುಳೆ ಅವರು ಇಂಥದ್ದೇ ಖಾಸಗಿ ಮಸೂದೆ ಮಂಡಿಸಿದ್ದರು. ಅದು ಕಾನೂನಾಗಲಿಲ್ಲ.

ಇದನ್ನು ಹೇಳಿದರೆ "ಕಾಯಕವೇ ಕೈಲಾಸ" ಅಂತ ಬಾಯಿ ಮುಚ್ಚಿಸುತ್ತಾರೆ. ನನಗೂ ಆ ಮಾತಿನ ಮೇಲೆ ಭಕ್ತಿ ಇದೆ. ಆದರೆ ಆಯ್ದಕ್ಕಿ ಮಾರಯ್ಯ ಒಂದು ದಿನ ಜಾಸ್ತಿ ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ವಾಪಸ್ ಸುರಿದು ಬರಲು ಕಳಿಸಿದ ಕಥೆಯನ್ನು ನಾವೆಲ್ಲ ಕೇಳಿದ್ದೇವೆ ಅಲ್ವಾ? ಕಾಯಕಕ್ಕೆ ಸಾಕು ಅನ್ನುವುದೂ ಗೊತ್ತಿತ್ತು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ ಅನ್ನುವಾಗ ಕಾಯಕ ಮುಂದೆ ಇದೆ ನಿಜ, ಹಿಂದೆ ಮಾಚಯ್ಯನೂ ಚೌಡಯ್ಯನೂ ಇದ್ದೇ ಇದ್ದಾರೆ. ನಮ್ಮಪ್ಪನ ವಿಷಯದಲ್ಲಿ ಹಿಂದಿನದು ಅಳಿಸಿಹೋಗಿತ್ತು.

ಈಗ ರಾತ್ರಿ ಎಂಟಾದ ಮೇಲೆ ನಾನು ಗ್ರೂಪ್ ತೆರೆಯುವುದಿಲ್ಲ. ತೀರಾ ಅರ್ಜೆಂಟ್ ಇದ್ದರೆ ಕಾಲ್ ಮಾಡಿ ಅಂತ ಮ್ಯಾನೇಜರಿಗೆ ಮುಖಕ್ಕೆ ಮುಖ ಕೊಟ್ಟೇ ಹೇಳಿದೆ. ಅವರಿಗೆ ಇಷ್ಟವಾಗಲಿಲ್ಲ. ಆದರೆ ಆರು ತಿಂಗಳಲ್ಲಿ ಬಂದಿದ್ದು ಎರಡೇ ಕಾಲ್, ಯಾವ ಕೆಲಸವೂ ನಿಂತಿಲ್ಲ. ನರ್ಸುಗಳಿಗೆ, ಬಸ್ ಓಡಿಸುವವರಿಗೆ, ನಾಳೆ ಬರಬೇಡ ಅಂದರೆ ಮುಗಿಯಿತು ಅನ್ನುವಂಥ ಗುತ್ತಿಗೆ ನೌಕರರಿಗೆ ಹೀಗೆ ಹೇಳುವುದು ಸುಲಭ ಅಲ್ಲ ಅಂತ ಗೊತ್ತು. ಅದಕ್ಕೇ ಮಾಲೀಕರೂ ಮೇಲಧಿಕಾರಿಗಳೂ ತಾವಾಗಿ ರಾತ್ರಿ ಮೆಸೇಜ್ ನಿಲ್ಲಿಸಬೇಕು ಅಂತ ಕೇಳುತ್ತಿದ್ದೇನೆ.

ಅಪ್ಪನನ್ನು ಚಿಕ್ಕಪ್ಪ ಈ ಮಳೆಗಾಲದಲ್ಲಿ ಬಲವಂತವಾಗಿ ಒಂದು ಕೂಟಕ್ಕೆ ಕರೆದೊಯ್ದರು. ಮೊದಲು ಸುಮ್ಮನೆ ಕೇಳುತ್ತಾ ಕೂತರಂತೆ, ಮೂರನೇ ಸಲ ಹೋದಾಗ ಸಣ್ಣ ಪಾತ್ರವೊಂದಕ್ಕೆ ಅರ್ಥ ಹೇಳಿದರು. ಈಗ ಬೆಳಗ್ಗೆ ಗೇಟಿನ ಹತ್ತಿರ ಹೋಗುವುದಿಲ್ಲ. ಜಗಲಿಯಲ್ಲಿ ಕೂತು ಮಾತು ಒಪ್ಪಿಸಿಕೊಳ್ಳುತ್ತಾರೆ.

ಸಂಪಾದಕರೇ, ನಿಮ್ಮಲ್ಲಿ ಒಂದು ಬಿನ್ನಹ. ನಿಧನ ವಾರ್ತೆಯಲ್ಲಿ ನಿವೃತ್ತ ಇಂಥವರು ಅಂತ ಹಾಕುತ್ತೀರಿ, ಮಕ್ಕಳು ಎಷ್ಟು ಜನ ಅಂತ ಹಾಕುತ್ತೀರಿ. ಅದರ ಜೊತೆ ಅವರಿಗೆ ಏನು ಇಷ್ಟವಿತ್ತು ಅಂತ ಮನೆಯವರನ್ನು ಕೇಳಿ ಎರಡು ಸಾಲು ಹಾಕಿ. ಡೇಲಿಯಾ ಬೆಳೆಸುತ್ತಿದ್ದರು, ಚೆನ್ನಾಗಿ ಕಡುಬು ಮಾಡುತ್ತಿದ್ದರು, ಅರ್ಥ ಹೇಳುತ್ತಿದ್ದರು, ಏನಿದ್ದರೂ ಸರಿ. ಜಾಗ ಸಾಲದಿದ್ದರೆ ಹುದ್ದೆಯ ಸಾಲನ್ನು ಚಿಕ್ಕದು ಮಾಡಿ.

ಇಂತಿ,
ನಿಮ್ಮ ಓದುಗಾರ್ತಿ, ಚಿಕ್ಕಮಗಳೂರು