ಪೋಷಕರಿಗೆ ಪತ್ರ: ಈ ರಜೆಗೆ ಒಂದೇ ಒಂದು ಹೋಂವರ್ಕ್

ಪ್ರಿಯ ಪೋಷಕರೇ,

ನಮಸ್ಕಾರ.

ಪರೀಕ್ಷೆ ಮುಗಿದಿದೆ. ಉತ್ತರ ಪತ್ರಿಕೆ ತಿದ್ದುವ ಕೆಲಸ ನಡೆಯುತ್ತಿದೆ. ಫಲಿತಾಂಶದ ದಿನ ನೀವೆಲ್ಲ ಬರುತ್ತೀರಿ, ಆದರೆ ಅವತ್ತು ಕೂತು ಮಾತಾಡಲು ಆಗುವುದಿಲ್ಲ. ಒಬ್ಬರಿಗೆ ಬಸ್ಸು ಹಿಡಿಯುವ ಅವಸರ, ಇನ್ನೊಬ್ಬರಿಗೆ ತೋಟಕ್ಕೆ ನೀರು ಬಿಡುವ ಅವಸರ. ಅದಕ್ಕೇ ಹೇಳಬೇಕಾದ್ದನ್ನು ಪತ್ರದಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ. ಮಧ್ಯಾಹ್ನ ಊಟ ಆದ ಮೇಲೆ ನಿಧಾನವಾಗಿ ಓದಿ.

ಈ ತಿಂಗಳು ನಿಮ್ಮಲ್ಲಿ ತುಂಬಾ ಜನ ಕೇಳಿದ ಪ್ರಶ್ನೆ ಒಂದೇ: "ಟೀಚರ್, ರಜೆಯಲ್ಲಿ ಈ ಮಕ್ಕಳನ್ನು ಹೇಗೆ ಸುಧಾರಿಸೋದು?" ಶಿವಮೊಗ್ಗದಲ್ಲಿ ನಡೆಯುವ ಬೇಸಿಗೆ ಶಿಬಿರಕ್ಕೆ ಕಳಿಸೋಣವೇ, ನವೋದಯ ಪರೀಕ್ಷೆಯ ಕೋಚಿಂಗ್‌ಗೆ ಸೇರಿಸೋಣವೇ, ಇಲ್ಲಾ ಅಜ್ಜಿ ಮನೆಗೆ ಬಿಟ್ಟು ಬರೋಣವೇ? ನನ್ನನ್ನು ಕೇಳಿದರೆ ಅಜ್ಜಿ ಮನೆ. ಆದರೆ ಅದು ನಿಮ್ಮ ಮನೆಯ ಅನುಕೂಲ. ಮಗು ಎಲ್ಲೇ ಇರಲಿ, ಶಾಲೆಯಿಂದ ಈ ಸಲ ಕಾಪಿ ಬರೆಯುವುದು, ಮಗ್ಗಿ ಬರೆಯುವುದು ಯಾವುದೂ ಇಲ್ಲ. ಒಂದು ಮರವನ್ನು ಆರಿಸಿಕೊಳ್ಳಬೇಕು. ವಾರಕ್ಕೊಮ್ಮೆ ಅದರ ಹತ್ತಿರ ಹೋಗಬೇಕು. ಚಿಗುರು ಬಂತಾ, ಹೂ ಬಿಟ್ಟಿತಾ, ಕಾಯಿ ಕಟ್ಟಿತಾ, ಯಾವ ಹಕ್ಕಿ ಕೂತಿತ್ತು ಎಂದು ನೋಡಿ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಬರೆಯಲು ಬಾರದ ಚಿಕ್ಕವರು ಚಿತ್ರ ಬಿಡಿಸಲಿ. ಅಷ್ಟೇ.

ಇದೇನು ಹೋಂವರ್ಕ್ ಅಂತ ನಿಮಗೆ ಅನ್ನಿಸಬಹುದು. ಕಾರಣ ಹೇಳುತ್ತೇನೆ.

ಯುಗಾದಿಯ ಹಿಂದಿನ ದಿನ ಆರನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಟೀಚರ್, ಹಬ್ಬಕ್ಕೆ ಬೇವು ತಿನ್ನಲೇಬೇಕು ಅಂತಾರೆ. ನಮ್ಮೂರಲ್ಲಿ ಬೇವಿನ ಮರವೇ ಇಲ್ವಲ್ಲ?" ಒಳ್ಳೆಯ ಪ್ರಶ್ನೆ. ನಮ್ಮ ತೀರ್ಥಹಳ್ಳಿ ಕಡೆ ಬಹಳಷ್ಟು ಮನೆಗಳಿಗೆ ಬೇವು ಪೇಟೆಯಿಂದಲೇ ಬರಬೇಕು. ಶಿಕಾರಿಪುರ, ಭದ್ರಾವತಿ ಕಡೆ ಹೋದರೆ ರಸ್ತೆ ಬದಿಯಲ್ಲೇ ಸಿಗುತ್ತದೆ. ಘಟ್ಟದ ಕಡೆ ಬಂದಂತೆಲ್ಲ ಕಡಿಮೆಯಾಗುತ್ತದೆ. ಬೇವು ಒಣನೆಲದ ಮರ. ಬುಡದಲ್ಲಿ ನೀರು ನಿಂತರೆ ಅದಕ್ಕೆ ಆಗಿಬರುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಸುರಿಯುತ್ತದೆ. ಅಂಥ ಕಡೆ ಬೇವು ಹೇಗೆ ಬಾಳೀತು?

ಇಷ್ಟು ಹೇಳಿ, ಹಾಗಾದರೆ ನಮ್ಮ ಊರಿನ ಮರ ಯಾವುದು ಎಂದು ಕೇಳಿದೆ. ಹಲಸು, ಮಾವು, ಅಡಿಕೆ ಎಂದರು. ಆಮೇಲೆ ಸುಮ್ಮನಾದರು. ಅದೇ ಹೊತ್ತಿಗೆ ಕಿಟಕಿಯಿಂದ ಸುರಗಿ ಹೂವಿನ ಪರಿಮಳ ಒಳಗೆ ಬರುತ್ತಿತ್ತು. ಶಾಲೆಯ ಹಿಂದಿನ ದರೆಯ ಮೇಲೇ ಮರ ಇದೆ. ಇಡೀ ತರಗತಿಯಲ್ಲಿ ಅದರ ಹೆಸರು ಗೊತ್ತಿದ್ದವರು ಇಬ್ಬರು. ಆ ಹೂವನ್ನು ಒಣಗಿಸಿ ಇಟ್ಟು ತಿಂಗಳುಗಟ್ಟಲೆ ಮುಡಿಯುವ ಅಜ್ಜಿಯರು ಇದೇ ಮಕ್ಕಳ ಮನೆಗಳಲ್ಲಿದ್ದಾರೆ! ಅಜ್ಜಿಗೆ ಗೊತ್ತಿರುವುದು ಮೊಮ್ಮಗಳವರೆಗೆ ಬಂದಿಲ್ಲ. ಕೋಚಿಂಗ್‌ಗಿಂತ ಅಜ್ಜಿ ಮನೆ ಮೇಲು ಎಂದದ್ದು ಇದಕ್ಕೇ.

ಈ ಸಲ ಹಬ್ಬಗಳೆಲ್ಲ ಒಟ್ಟೊಟ್ಟಿಗೆ ಬಂದಿವೆ. ಯುಗಾದಿಯ ಬೆನ್ನಿಗೇ ರಂಜಾನ್, ಆಮೇಲೆ ರಾಮನವಮಿ, ಮಹಾವೀರ ಜಯಂತಿ, ಗುಡ್ ಫ್ರೈಡೆ, ಈಸ್ಟರ್. ದೇವರ ಪಾಠ ನಿಮ್ಮ ಮನೆಯ ವಿಷಯ, ಅದಕ್ಕೆ ನಾನು ಕೈ ಹಾಕುವುದಿಲ್ಲ. ಆದರೆ ಬೆಳಗಿನ ಪ್ರಾರ್ಥನೆ ಆದ ಮೇಲೆ ಮಕ್ಕಳಿಗೆ ಒಂದು ಪ್ರಶ್ನೆ ಕೊಟ್ಟಿದ್ದೆ. ನಿಮ್ಮ ಮನೆಯ ಹಬ್ಬದಲ್ಲಿ, ವ್ರತದಲ್ಲಿ, ಮಣ್ಣು ನೀರು ಮರದ ಬಗ್ಗೆ ಏನಾದರೂ ಇದೆಯಾ? ಕೇಳಿಕೊಂಡು ಬನ್ನಿ ಎಂದಿದ್ದೆ.

ಬಂದ ಉತ್ತರಗಳು ನನಗೇ ಹೊಸವು. ಒಬ್ಬ ಹುಡುಗ ಹೇಳಿದ: ಹರಿಯುವ ಹೊಳೆಯ ದಡದಲ್ಲಿದ್ದರೂ ವುಜು ಮಾಡುವಾಗ, ಅಂದರೆ ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವಾಗ, ನೀರು ಪೋಲು ಮಾಡಬಾರದು ಅಂತ ಅವನ ಅಜ್ಜ ಹೇಳಿಕೊಟ್ಟಿದ್ದಾರಂತೆ. ಇನ್ನೊಬ್ಬಳ ಮನೆಯಲ್ಲಿ ಈಸ್ಟರ್‌ಗೆ ಮುಂಚಿನ ನಲವತ್ತು ದಿನದ ತಪಸ್ಸು ಕಾಲದಲ್ಲಿ ಮಾಂಸ ಬಿಟ್ಟು, ಉಳಿದ ದುಡ್ಡನ್ನು ಡಬ್ಬಿಗೆ ಹಾಕಿ ಬಡವರಿಗೆ ಕೊಡುತ್ತಾರೆ. ಹೊಸನಗರ ತಾಲ್ಲೂಕಿನ ಹುಂಚದಲ್ಲಿ ನೆಂಟರಿರುವ ಹುಡುಗಿ ಅಲ್ಲಿನ ಪದ್ಮಾವತಿ ಅಮ್ಮನ ಬಸದಿಯಲ್ಲಿ ಪೂಜಿಸುವ ಲಕ್ಕಿ ಗಿಡದ ಬಗ್ಗೆ ಹೇಳಿದಳು. ದೀವರ ಸಮುದಾಯದ ಮನೆಯ ಮಕ್ಕಳು ಭೂಮಿ ಹುಣ್ಣಿಮೆಯ ಮಾತು ತೆಗೆದರು. ಭತ್ತ ಹೊಡೆ ಬಂದಾಗ ಗದ್ದೆಯನ್ನು ಬಸುರಿ ಎಂದು ತಿಳಿದು, ನಸುಕಿನಲ್ಲಿ ಎದ್ದು ಗದ್ದೆಗೆ ಎಡೆಯ ಅಡುಗೆ ಚೆಲ್ಲಿ ಚರಗ ಬೀರುವ ಹಬ್ಬ. ಅದು ಬರುವುದು ಮಳೆಗಾಲ ಮುಗಿದ ಮೇಲೆ, ಆದರೂ ಮಕ್ಕಳಿಗೆ ಮೊದಲು ನೆನಪಾದದ್ದು ಅದೇ. ಹಬ್ಬದ ಬುಟ್ಟಿಯ ಮೇಲೆ ಚಿತ್ತಾರ ಬರೆಯುವುದನ್ನು ಹೇಳುವಾಗ ಒಬ್ಬೊಬ್ಬರ ಕೈ ಗಾಳಿಯಲ್ಲೇ ಗೆರೆ ಎಳೆಯುತ್ತಿತ್ತು.

ನನಗೆ ಇದರಿಂದ ಅನ್ನಿಸಿದ್ದು ಇಷ್ಟು. ಭೂಮಿ ತಾಯಿ ಎಂದು ಬಾಯಲ್ಲಿ ಹೇಳಿದ ಕಡೆ ಏನೂ ಉಳಿದಿಲ್ಲ. ಇಲ್ಲಿ ಇದನ್ನು ಮಾಡಬಾರದು ಎಂದು ಗಟ್ಟಿಯಾಗಿ ಕಟ್ಟು ಹಾಕಿಕೊಂಡ ಕಡೆ ಉಳಿದಿದೆ. ತೀರ್ಥಹಳ್ಳಿ ಹತ್ತಿರದ ಚಿಬ್ಬಲಗುಡ್ಡೆಗೆ ನೀವು ಹೋಗಿರುತ್ತೀರಿ. ದೇವಸ್ಥಾನದ ಮುಂದೆ ತುಂಗೆಯಲ್ಲಿ ದೊಡ್ಡ ದೊಡ್ಡ ಮೀನುಗಳು ಭಯವಿಲ್ಲದೆ ಓಡಾಡುತ್ತವೆ. ಅದು ಗಣಪತಿಯ ಮೀನು, ಹಿಡಿಯಬಾರದು. ಮಾತು ಅಷ್ಟೇ, ಅದರಲ್ಲೇ ಕೆಲಸ ಆಗಿದೆ. ನಮ್ಮ ದೇವರಕಾಡುಗಳೂ ಹಾಗೇ. ಚೌಡಿಯ ಬನ, ನಾಗಬನ ಅಂತ ಬಿಟ್ಟ ಜಾಗಕ್ಕೆ ಕತ್ತಿ ಹೋಗಲಿಲ್ಲ. ಸುತ್ತಲಿನ ಗುಡ್ಡ ಬೋಳಾದರೂ ಅಲ್ಲಿ ಹಳೇ ಮರಗಳಿವೆ.

ಅದೇ ತುಂಗೆಯನ್ನು ನಾಲ್ಕು ಹೆಜ್ಜೆ ಕೆಳಗೆ ನೋಡಿ. "ಗಂಗಾ ಸ್ನಾನ, ತುಂಗಾ ಪಾನ" ಎಂದು ಹೇಳಿಕೊಂಡು ಬಂದವರು ನಾವು. ಈಗ ನೀರು ಇಳಿದು ಬಂಡೆಗಳು ಎದ್ದಿವೆ. ಬಂಡೆ ಸಂದಿಯಲ್ಲಿ ಶಾಂಪೂ ಪ್ಯಾಕೆಟ್, ಹಳೇ ಬಟ್ಟೆ, ಪೂಜೆಯ ಹೂವನ್ನು ಕಟ್ಟಿ ಎಸೆದ ಪ್ಲಾಸ್ಟಿಕ್ ಕೊಟ್ಟೆ. ಅಶ್ವತ್ಥ ಕಟ್ಟೆಯ ಮೇಲೆ ಒಡೆದ ಗಾಜಿನ ದೇವರ ಫೋಟೊಗಳು. ಹಬ್ಬಕ್ಕೆ ಮನೆ ಸಾರಿಸಿ ಶುದ್ಧ ಮಾಡಿ, ಕಸವನ್ನು ದೇವರ ಹತ್ತಿರವೇ ಬಿಟ್ಟು ಬರುವುದು ಯಾವ ಭಕ್ತಿ ಅಂತ ನನಗೆ ಅರ್ಥವಾಗುವುದಿಲ್ಲ. ಸ್ವಲ್ಪ ಖಾರವಾಗಿ ಬರೆದೆ, ಬೇಸರ ಮಾಡಿಕೊಳ್ಳಬೇಡಿ. ದೇವರ ಹೂವನ್ನು ತೆಂಗಿನ ಬುಡಕ್ಕೆ ಹಾಕಿ, ಗೊಬ್ಬರ ಆಗುತ್ತದೆ. ಹಳೇ ಫೋಟೊದ ಗಾಜು, ಕಟ್ಟು ಬಿಚ್ಚಿ ಗುಜರಿಗೆ ಕೊಡಿ. ಚಿತ್ರದ ಕಾಗದವನ್ನು ನೀರಲ್ಲಿ ನೆನೆಸಿ ಗಿಡದ ಬುಡದಲ್ಲಿ ಹೂಳಿ. ಮಕ್ಕಳ ಕೈಯಲ್ಲೇ ಮಾಡಿಸಿ.

ಇನ್ನು ಹವ್ಯಾಸದ ಮಾತು. ನಮ್ಮಲ್ಲಿ ಹವ್ಯಾಸ ಎಂದರೆ ಈಗ ಒಂದು ಕ್ಲಾಸು, ಫೀಸು, ಕೊನೆಗೆ ಒಂದು ಪ್ರಮಾಣಪತ್ರ. ಹಾಗಾದಾಗ ಅದು ಇನ್ನೊಂದು ವಿಷಯ ಆಯಿತು, ಅಲ್ವಾ? ಯಾರೂ ಅಂಕ ಕೊಡದ, ಚೆನ್ನಾಗಿ ಬರದಿದ್ದರೂ ನಡೆಯುವ ಕೆಲಸವೊಂದು ಮಗುವಿಗೆ ಬೇಕು. ಮನೆಯಲ್ಲಿ ಚಿತ್ತಾರ ಬಲ್ಲವರಿದ್ದರೆ ಅವರ ಪಕ್ಕ ಕೂರಿಸಿ. ಕೆಮ್ಮಣ್ಣು ಬಳಿದ ಹಿನ್ನೆಲೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕರಿಮಾಡಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಅಂಗಡಿಯಿಂದ ತರಬೇಕಾದ್ದು ಒಂದೂ ಇಲ್ಲ. ಅಡಿಕೆ ಹಾಳೆಯ ಟೋಪಿ ಮಾಡುವ ಅಜ್ಜ ಇದ್ದರೆ ಅದನ್ನು ಕಲಿಯಲಿ. ಮಿಡಿ ಉಪ್ಪಿನಕಾಯಿ ಹಾಕುವುದೂ ಹವ್ಯಾಸವೇ, ಗಂಡು ಮಕ್ಕಳಿಗೂ ಕಲಿಸಿ.

ಮಿಡಿ ಅಂದ ಕೂಡಲೇ ಒಂದು ಮಾತು. ಹೊಳೆ ಪಕ್ಕದ ಅಪ್ಪೆ ಮಾವಿನ ಮರಗಳಿಂದ ಮಿಡಿ ಕೊಯ್ಯುವಾಗ ಕೈಗೆ ಸಿಗದ ಕೊಂಬೆಯನ್ನೇ ಕಡಿದು ಉರುಳಿಸುವವರಿದ್ದಾರೆ. ಆ ಕೊಂಬೆ ಮುಂದಿನ ವರ್ಷ ಎಲ್ಲಿಂದ ಬರಬೇಕು? ಮರವನ್ನು ಗುತ್ತಿಗೆಗೆ ಕೊಡುವವರು ಮೊದಲೇ ಈ ಬಗ್ಗೆ ಖಂಡಿತವಾಗಿ ಹೇಳಿಬಿಡಿ.

ಮರ ನೋಡಿ ಬರೆಯುವುದು ನನ್ನ ತಲೆಯಲ್ಲಿ ಹುಟ್ಟಿದ ಕೆಲಸವಲ್ಲ. ಸೀಸನ್‌ವಾಚ್ ಎಂಬ ಯೋಜನೆಯಲ್ಲಿ ನಮ್ಮ ದೇಶದ ಹಲವು ಶಾಲೆಗಳ ಮಕ್ಕಳು ಇದನ್ನೇ ಮಾಡುತ್ತಾರೆ. ಚಿಗುರು, ಹೂವು, ಹಣ್ಣಿನ ಕಾಲ ಹಿಂದೆ ಮುಂದೆ ಆಗುತ್ತಿದೆಯಾ ಎಂದು ಇಂಥ ಬರಹದಿಂದ ತಿಳಿಯುತ್ತದೆ. ನಮ್ಮ ಮಕ್ಕಳು ಸದ್ಯಕ್ಕೆ ನೋಟ್‌ಬುಕ್ಕಿನಲ್ಲಿ ಬರೆದರೆ ಸಾಕು. ಹಲಸಿನ ಮರ ಆರಿಸಿದವರಿಗೆ ಕೆಲಸ ಜಾಸ್ತಿ, ವಾರದಿಂದ ವಾರಕ್ಕೆ ಕಾಯಿ ಬಲಿಯುತ್ತದೆ. ದೊಡ್ಡ ಪೊಟರೆ ಇರುವ ಮರ ಸಿಕ್ಕಿದವರು ಅದೃಷ್ಟವಂತರು. ಇದು ಮಂಗಟ್ಟೆ ಹಕ್ಕಿಗಳು ಮರಿ ಮಾಡುವ ಕಾಲ. ಹೆಣ್ಣು ಒಳಗೆ ಕೂತು ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದೆ, ಸಣ್ಣ ಸೀಳು ಮಾತ್ರ ಬಿಟ್ಟು. ಗಂಡು ಹಣ್ಣು ತಂದು ಆ ಸೀಳಿನಿಂದ ಉಣಿಸುತ್ತದೆ. ದೂರದಿಂದ, ಗಲಾಟೆ ಮಾಡದೆ ನೋಡಬೇಕು. ಮೊಬೈಲ್ ಹಿಡಿದು ಮರದ ಕೆಳಗೆ ನಿಂತರೆ ಗಂಡು ಹತ್ತಿರ ಬರುವುದಿಲ್ಲ, ಒಳಗಿರುವವು ಉಪವಾಸ.

1983ರ ಸೆಪ್ಟೆಂಬರ್‌ನಲ್ಲಿ ಪಕ್ಕದ ಉತ್ತರ ಕನ್ನಡದ ಸಾಲ್ಕಣಿಯ ಜನ ಕಾಡಿಗೆ ಹೋಗಿ, ಮರಗಳನ್ನು ಅಪ್ಪಿಕೊಂಡು ಕೊಡಲಿ ತಡೆದರು. ಅಪ್ಪಿಕೋ ಚಳವಳಿ ಶುರುವಾದದ್ದು ಹಾಗೆ. ಅವರು ಸೊಪ್ಪಿಗೆ, ದರಗಿಗೆ (ಉದುರಿದ ಒಣ ಎಲೆಗೆ) ದಿನಾ ಅದೇ ಕಾಡಿಗೆ ಹೋಗುತ್ತಿದ್ದ ಜನ. ಯಾವ ಮರ ಹೋದರೆ ಏನು ಹೋಗುತ್ತದೆ ಎಂದು ಅವರಿಗೆ ಯಾರೂ ಭಾಷಣ ಮಾಡಿ ಹೇಳಬೇಕಾಗಿರಲಿಲ್ಲ.

ಏಪ್ರಿಲ್ 22ಕ್ಕೆ ಭೂಮಿ ದಿನ ಇದೆ. 1970ರಿಂದ ನಡೆಯುತ್ತಿರುವ ಆಚರಣೆ. ಅವತ್ತು ಗಿಡ ನೆಡಿಸಿ ಫೋಟೊ ಕಳಿಸಿ ಅಂತ ನಾನು ಕೇಳುವುದಿಲ್ಲ. ಈ ಬಿಸಿಲಿಗೆ ನೆಟ್ಟ ಗಿಡ ಮೇ ತಿಂಗಳು ಕಾಣುವುದಿಲ್ಲ. ಅದರ ಬದಲು ಬೀಜ ಹಾಕಿಸಿ. ಹಲಸು, ನೇರಳೆ, ಮುರುಗಲು, ಮಾವಿನ ವಾಟೆ, ಇವು ಒಣಗಿದರೆ ಹುಟ್ಟುವುದಿಲ್ಲ. ಹಣ್ಣು ತಿಂದ ಒಂದೆರಡು ದಿನದಲ್ಲೇ ಮಣ್ಣಿಗೆ ಹೋಗಬೇಕು. ಖಾಲಿ ಹಾಲಿನ ಪ್ಯಾಕೆಟ್ಟಿಗೆ ತಳದಲ್ಲಿ ತೂತು ಮಾಡಿ, ಮಣ್ಣು ಗೊಬ್ಬರ ತುಂಬಿ ಬೀಜ ಊರಿ, ಬಚ್ಚಲಿನ ಪಕ್ಕ ನೆರಳಲ್ಲಿ ಇಡಿ. ಮಳೆ ಹಿಡಿದ ಮೇಲೆ ನೆಡೋಣ. ಬೀಜದುಂಡೆ ಮಾಡಿ ಗುಡ್ಡಕ್ಕೆ ಎಸೆಯುವ ಕಾರ್ಯಕ್ರಮ ಈಗ ಎಲ್ಲ ಕಡೆ ಇದೆ. ಮಕ್ಕಳಿಗೆ ಮಣ್ಣಲ್ಲಿ ಆಡುವ ಖುಷಿ ಸಿಗುತ್ತದೆ ನಿಜ. ಆದರೆ ಏಪ್ರಿಲ್ ಬಿಸಿಲಲ್ಲಿ ಹಲಸಿನ ಬೀಜದ ಉಂಡೆ ಎಸೆದರೆ ಅದು ಬೀಜವನ್ನು ಸುಟ್ಟ ಹಾಗೇ.

ಬೆಂಕಿಯ ವಿಷಯದಲ್ಲೂ ಹುಷಾರಾಗಿರಿ. ಬೇಲಿ ಬದಿಯ ದರಗಿಗೆ ಕಡ್ಡಿ ಗೀರುವುದು ಬೇಡ, ಗಾಳಿ ಎದ್ದರೆ ಗುಡ್ಡವೇ ಹೋಗುತ್ತದೆ. ತೋಟದ ಗೊಬ್ಬರಕ್ಕೆ ಬೇಕಾದ್ದನ್ನು ಸುಡುವುದು ಲೆಕ್ಕದಲ್ಲೂ ನಷ್ಟ.

ಇದನ್ನು ಮಾತ್ರ ದಯವಿಟ್ಟು ಎರಡು ಸಲ ಓದಿ. ಮಗು ಆರಿಸುವ ಮರ ಅಂಗಳದಲ್ಲೋ, ರಸ್ತೆ ಬದಿಯಲ್ಲೋ, ಗುಡಿಯ ಮುಂದೆಯೋ ಇರಲಿ. ಕಾಡಿನೊಳಗಿನ ಮರ ಬೇಡ. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಜಿಲ್ಲೆಯಲ್ಲೇ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ. ರಕ್ತ ಹೀರುವ ಉಣುಗು ಹುಳ ಕಚ್ಚಿ ಬರುವ ಕಾಯಿಲೆ ಅದು, ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಹಾಗಾಗಿ ಜ್ವರ ಬಂದವರನ್ನು ದೂರ ಇಡಬೇಡಿ. ಸೊಪ್ಪು, ದರಗು, ಸೌದೆ ತರಲು ನೀವು ಹೋಗಲೇಬೇಕಾದರೆ ಮೈತುಂಬ ಬಟ್ಟೆ ಹಾಕಿಕೊಳ್ಳಿ, ಉಣುಗು ಹತ್ತದ ಹಾಗೆ ಆಶಾ ಕಾರ್ಯಕರ್ತೆಯರು ಕೊಡುವ ಡೆಪಾ ತೈಲ ಹಚ್ಚಿಕೊಳ್ಳಿ. ಬಂದ ಕೂಡಲೇ ಬಿಸಿನೀರು ಸೋಪಿನಲ್ಲಿ ಸ್ನಾನ ಮಾಡಿ, ಬಟ್ಟೆಯನ್ನು ಬಿಸಿನೀರಲ್ಲಿ ಒಗೆಯಿರಿ. ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಮನೆಯಲ್ಲೇ ಇರಬೇಡಿ.

ಕಳೆದ ಜೂನ್‌ನಲ್ಲಿ ಶಾಲೆಯ ಕಾಂಪೌಂಡ್ ಪಕ್ಕ ನೆಟ್ಟ ಗಿಡಗಳಿಗೆ ರಜೆಯಲ್ಲಿ ನೀರು ಹಾಕಲು ಜನ ಬೇಕು. ವಾರಕ್ಕೆ ಎರಡು ಸಲ, ಸಂಜೆ ಹೊತ್ತು. ಶಾಲೆಯ ಹತ್ತಿರ ಮನೆ ಇರುವವರು ಫಲಿತಾಂಶದ ದಿನ ಪಾಳಿಗೆ ಹೆಸರು ಕೊಡಿ. ಬಿಂದಿಗೆ ನೀವೇ ತರಬೇಕು. ಪಂಪಿನ ಕೋಣೆಯ ಕೀಲಿ ಬಿಸಿಯೂಟದ ಅಡುಗೆಯವರ ಮನೆಯಲ್ಲಿರುತ್ತದೆ. ಲೈಬ್ರರಿ ಶನಿವಾರ ಬೆಳಿಗ್ಗೆ ತೆರೆದಿರುತ್ತದೆ, ಒಬ್ಬರಿಗೆ ಎರಡು ಪುಸ್ತಕ. ಮರದ ನೋಟ್‌ಬುಕ್ ಶಾಲೆ ಶುರುವಾದ ಮೊದಲ ವಾರ ತಂದರೆ ಸಾಕು.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ
ತೀರ್ಥಹಳ್ಳಿ ತಾಲ್ಲೂಕು